ಕಿಣ್ವದ ಪ್ರಮಾಣ ಮತ್ತು ಪಿಷ್ಟ ವಿಭಜನೆಯ ವೇಗ: ಉದ್ಯಮಿಗಳು ತಿಳಿದಿರಬೇಕಾದ ಒಂದು ಲೆಕ್ಕ

ಪಿಷ್ಟವು ಅನೇಕ ಉದ್ಯಮಗಳ ಮೂಲವಸ್ತು. ಮೆಕ್ಕೆಜೋಳದ ಪಿಷ್ಟದಿಂದ ದ್ರವ ಗ್ಲೂಕೋಸ್ ತಯಾರಿಸುವ ಕಾರ್ಖಾನೆ, ಗಂಜಿ ಹಾಕಿ ನೇಯ್ದ ಬಟ್ಟೆಯನ್ನು ಬಣ್ಣಕ್ಕೆ ಸಿದ್ಧಗೊಳಿಸುವ ಸಂಸ್ಕರಣಾ ಘಟಕ, ಬ್ರೆಡ್ ತಯಾರಿಸುವ ಬೇಕರಿ, ರಾಗಿ ಮಾಲ್ಟ್ ಮಾಡುವ ಗೃಹೋದ್ಯಮ, ಇವೆಲ್ಲವುಗಳ ಉತ್ಪನ್ನ ಬೇರೆಬೇರೆಯಾದರೂ ಒಳಗೆ ನಡೆಯುವ ಕ್ರಿಯೆ ಒಂದೇ. ಕಿಣ್ವವು ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಮಾನವ ಬಳಕೆಗೆ ಯೋಗ್ಯವಲ್ಲದ ಧಾನ್ಯದಿಂದ ಎಥನಾಲ್ ತಯಾರಿಸಲು ಅವಕಾಶ ನೀಡಿದ ಮೇಲೆ ಧಾನ್ಯಾಧಾರಿತ ಡಿಸ್ಟಿಲರಿಗಳೂ ಈ ಸಾಲಿನಲ್ಲಿ ಹೆಚ್ಚಿನ ಮಹತ್ವ ಪಡೆದಿವೆ.

ಇಂತಹ ಘಟಕಗಳಲ್ಲಿ ಪ್ರತಿದಿನ ಎದುರಾಗುವ ಪ್ರಶ್ನೆ ಒಂದು: ಒಂದು ಬ್ಯಾಚಿಗೆ ಎಷ್ಟು ಕಿಣ್ವ ಹಾಕಬೇಕು? ಅನೇಕ ಕಡೆ ಇದಕ್ಕೆ ಉತ್ತರ ರೂಢಿಯಿಂದ ಬರುತ್ತದೆ. ಕೆಲಸ ನಿಧಾನವಾದರೆ ಇನ್ನಷ್ಟು ಸುರಿಯುವುದು, ಬೆಲೆ ಏರಿದರೆ ಕಡಿಮೆ ಮಾಡುವುದು. ಆದರೆ ಕಿಣ್ವದ ಪ್ರಮಾಣಕ್ಕೂ ಕ್ರಿಯೆಯ ವೇಗಕ್ಕೂ ಇರುವ ಸಂಬಂಧ ಖಚಿತವಾದುದು, ಸರಳವಾದ ಲೆಕ್ಕಕ್ಕೆ ಸಿಗುವಂತಹುದು. ಅದನ್ನು ತಿಳಿದ ಉದ್ಯಮಿ ಹಣವನ್ನು ಉಳಿಸಬಲ್ಲ. ಅದಕ್ಕಿಂತ ಮುಖ್ಯವಾಗಿ, ದೋಷ ಎಲ್ಲಿದೆ ಎಂಬುದನ್ನು ಪತ್ತೆ ಹಚ್ಚಬಲ್ಲ.

ಪಿಷ್ಟ ಮತ್ತು ಕಿಣ್ವ

ಪಿಷ್ಟವು ಗ್ಲೂಕೋಸ್ ಅಣುಗಳು ಒಂದಕ್ಕೊಂದು ಹೆಣೆದು ಆದ ಸರಪಳಿ. ಇದರಲ್ಲಿ ಎರಡು ಬಗೆ. ನೇರವಾದ ಅಮೈಲೋಸ್ ಸಾಮಾನ್ಯವಾಗಿ ಶೇಕಡಾ 20ರಿಂದ 25ರಷ್ಟಿದ್ದರೆ, ಕವಲೊಡೆದ ಅಮೈಲೋಪೆಕ್ಟಿನ್ ಉಳಿದ ಭಾಗ. ಸರಪಳಿಯ ಪ್ರತಿಯೊಂದು ಕೊಂಡಿ ಕಳಚುವಾಗಲೂ ನೀರಿನ ಒಂದು ಅಣು ಸೇರಿಕೊಳ್ಳುತ್ತದೆ. ಆದುದರಿಂದಲೇ 100 ಕಿಲೋ ಶುದ್ಧ, ಒಣ ಪಿಷ್ಟವು ಪೂರ್ತಿಯಾಗಿ ವಿಭಜನೆಯಾದರೆ ಸುಮಾರು 111 ಕಿಲೋ ಗ್ಲೂಕೋಸ್ ದೊರೆಯುತ್ತದೆ.

1811ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಿರ್ಕಾಫ್ ಎಂಬ ರಸಾಯನ ವಿಜ್ಞಾನಿ ಪಿಷ್ಟವನ್ನು ಆಮ್ಲದೊಂದಿಗೆ ಕುದಿಸಿ ಸಕ್ಕರೆ ಪಡೆದನು. 1833ರಲ್ಲಿ ಫ್ರಾನ್ಸಿನ ಪೇಯನ್ ಮತ್ತು ಪೆರ್ಸೋ ಎಂಬುವರು ಮೊಳಕೆ ಬಂದ ಬಾರ್ಲಿಯ ರಸದಿಂದ ಅದೇ ಕೆಲಸ ಮಾಡುವ ವಸ್ತುವನ್ನು ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. 1894ರಲ್ಲಿ ಜಪಾನೀ ವಿಜ್ಞಾನಿ ಜೋಕಿಚಿ ತಕಾಮಿನೆ ಶಿಲೀಂಧ್ರದಿಂದ ಪಡೆದ ಡಯಾಸ್ಟೇಸ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಇಂದು ಅಮೈಲೇಸ್ ಎಂದು ಕರೆಯುವ ಕಿಣ್ವಗಳ ವ್ಯಾಪಾರ ಬೆಳೆದುಬಂದ ದಾರಿ ಇದು.

ಮನೆಯಲ್ಲಿಯೂ ಇದರ ಉದಾಹರಣೆ ಉಂಟು. ಅನ್ನದ ತುತ್ತನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದು ಬಾಯಿಯ ಜೊಲ್ಲಿನಲ್ಲಿರುವ ಅಮೈಲೇಸ್‌ನಿಂದ. ಗಟ್ಟಿಯಾದ ರಾಗಿ ಗಂಜಿಗೆ, ಅದು ಉಗುರುಬಿಸಿಗಿಂತ ತುಸು ಹೆಚ್ಚು ಬಿಸಿಯಿರುವಾಗ, ಮೊಳಕೆ ಬರಿಸಿದ ಕಾಳಿನ ಹಿಟ್ಟನ್ನು ಸ್ವಲ್ಪ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಗಂಜಿ ತೆಳುವಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ರಾಗಿ ಮಾಲ್ಟ್ ಆಧಾರಿತ ಶಿಶು ಆಹಾರದ ಬಗ್ಗೆ ನಡೆದ ಕೆಲಸಕ್ಕೆ ಇದೇ ತತ್ತ್ವ ಆಧಾರ.

ಪ್ರಮಾಣ ಇಮ್ಮಡಿಯಾದರೆ ಕಾಲ ಅರ್ಧ

ಕಿಣ್ವವು ವೇಗವರ್ಧಕ. ತಾನು ಖರ್ಚಾಗದೆ ಒಂದು ಕೊಂಡಿಯನ್ನು ಕಳಚಿ ಮತ್ತೊಂದಕ್ಕೆ ಹೋಗುತ್ತದೆ. ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಮೆಕ್ಕೆಜೋಳದ ಲಾರಿ ಬಂದು ನಿಂತಿದೆ ಎಂದು ಭಾವಿಸಬಹುದು. ಇಬ್ಬರು ಹಮಾಲಿಗಳು ಎರಡು ಗಂಟೆಯಲ್ಲಿ ಚೀಲ ಇಳಿಸಿದರೆ, ನಾಲ್ವರು ಒಂದು ಗಂಟೆಯಲ್ಲಿ ಇಳಿಸುತ್ತಾರೆ. ಇಳಿಯುವ ಚೀಲಗಳ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಕಿಣ್ವವೂ ಹಾಗೆಯೇ. ಪಿಷ್ಟವು ಯಥೇಚ್ಛವಾಗಿದ್ದು ಉಷ್ಣತೆ, ಪಿ.ಎಚ್. ಮೊದಲಾದವು ಸ್ಥಿರವಾಗಿರುವಲ್ಲಿ, ಕ್ರಿಯೆಯ ವೇಗವು ಕಿಣ್ವದ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುತ್ತದೆ. 1913ರಲ್ಲಿ ಮೈಕೇಲಿಸ್ ಮತ್ತು ಮಾಡ್ ಮೆಂಟೆನ್ ಪ್ರಕಟಿಸಿದ ಸಮೀಕರಣದಲ್ಲಿ ಅಡಕವಾಗಿರುವ ಅಂಶ ಇದೇ.

ಕಾರ್ಖಾನೆಯ ಭಾಷೆಯಲ್ಲಿ ಇದನ್ನು ಹೀಗೆ ಹೇಳಬಹುದು: ಒಂದು ನಿರ್ದಿಷ್ಟ ಮಟ್ಟದ ವಿಭಜನೆಯನ್ನು ತಲುಪಲು ಬೇಕಾಗುವ ಕಿಣ್ವದ ಪ್ರಮಾಣವನ್ನು ಕಾಲದಿಂದ ಗುಣಿಸಿದರೆ ಬರುವ ಗುಣಲಬ್ಧ ಸ್ಥಿರವಾಗಿರುತ್ತದೆ. ಪ್ರಮಾಣ ಇಮ್ಮಡಿಯಾದರೆ ಕಾಲ ಅರ್ಧ, ಮುಮ್ಮಡಿಯಾದರೆ ಮೂರನೆಯ ಒಂದು ಭಾಗ. ಉದ್ಯಮಿಯು ಹೆಚ್ಚು ಕಿಣ್ವ ಕೊಂಡಾಗ ಹೆಚ್ಚು ಸಕ್ಕರೆಯನ್ನು ಕೊಂಡಂತಾಗುವುದಿಲ್ಲ, ಕಾಲವನ್ನು ಕೊಂಡಂತಾಗುತ್ತದೆ.

ಕಡಿಮೆ ಖರ್ಚಿನ ಪ್ರಯೋಗ

ಈ ನಿಯಮವನ್ನು ತಮ್ಮ ಘಟಕದಲ್ಲಿಯೇ ಪರೀಕ್ಷಿಸಿಕೊಳ್ಳಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅಯೋಡಿನ್ ದ್ರಾವಣ, ಗುಳಿಗಳಿರುವ ಬಿಳಿಯ ಪಿಂಗಾಣಿ ತಟ್ಟೆ, ಐದು ಪರೀಕ್ಷಾ ನಳಿಕೆಗಳು, ಉಷ್ಣತಾಮಾಪಕ, ಗಡಿಯಾರ ಮತ್ತು ಬಿಸಿನೀರಿನ ಪಾತ್ರೆ ಇದ್ದರೆ ಸಾಕು. ಪಿಷ್ಟವಿದ್ದರೆ ಅಯೋಡಿನ್ ಕಡುನೀಲಿಯಾಗುತ್ತದೆ. ಸರಪಳಿ ತುಂಡಾದಂತೆ ನೇರಳೆ, ಕೆಂಗಂದು ಬಣ್ಣಗಳ ಮೂಲಕ ಹಾದು ಕೊನೆಗೆ ಅಯೋಡಿನ್‌ನ ಸ್ವಂತ ಹಳದಿ ಬಣ್ಣವೇ ಉಳಿಯುತ್ತದೆ.

ಐದು ನಳಿಕೆಗಳಲ್ಲಿಯೂ ಬೇಯಿಸಿ ಆರಿಸಿದ, ಶೇಕಡಾ 1ರ ಪಿಷ್ಟದ್ರಾವಣವನ್ನು 10 ಮಿ.ಲೀ.ನಂತೆ ಹಾಕಿ, ಕಿಣ್ವದ ತಯಾರಕರು ಸೂಚಿಸಿದ ಪಿ.ಎಚ್. ಮತ್ತು ಉಷ್ಣತೆಗೆ ತರಬೇಕು. ಕಿಣ್ವವನ್ನು ಬಹಳ ತೆಳುವಾಗಿ ನೀರಿನಲ್ಲಿ ಕರಗಿಸಿ ಮೊದಲ ನಳಿಕೆಗೆ 1 ಮಿ.ಲೀ., ಎರಡನೆಯದಕ್ಕೆ 2, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 4 ಮಿ.ಲೀ. ಹಾಕಬೇಕು. ಮೊದಲ ಮೂರಕ್ಕೆ ಕ್ರಮವಾಗಿ 3, 2 ಮತ್ತು 1 ಮಿ.ಲೀ. ನೀರು ಸೇರಿಸಿ ಒಟ್ಟು ಗಾತ್ರವನ್ನು ಸಮಗೊಳಿಸುವುದು ಅತ್ಯಗತ್ಯ. ಇಲ್ಲವಾದರೆ ಕಿಣ್ವದೊಂದಿಗೆ ಪಿಷ್ಟದ ಸಾಂದ್ರತೆಯೂ ಬದಲಾಗಿ ಪರೀಕ್ಷೆ ಅರ್ಥಹೀನವಾಗುತ್ತದೆ. ಐದನೆಯ ನಳಿಕೆಗೆ ಚೆನ್ನಾಗಿ ಕುದಿಸಿ ನಿಷ್ಕ್ರಿಯಗೊಳಿಸಿದ ಕಿಣ್ವವನ್ನು 4 ಮಿ.ಲೀ. ಹಾಕಬೇಕು, ಅದರಲ್ಲಿ ನೀಲಿ ಬಣ್ಣ ಕೊನೆಯವರೆಗೂ ಉಳಿಯಬೇಕು. ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್‌ಗೆ ಬೆರೆಸಿ, ನೀಲಿ ಬಾರದ ಕ್ಷಣವನ್ನು ಬರೆದಿಟ್ಟುಕೊಳ್ಳಬೇಕು.

ಮೊದಲ ನಳಿಕೆಗೆ 12 ನಿಮಿಷ ಹಿಡಿಯಿತು ಎಂದಿಟ್ಟುಕೊಂಡರೆ, ನಿಯಮದಂತೆ ಉಳಿದವುಗಳ ಕಾಲ ಹೀಗಿರಬೇಕು:

1 ಮಿ.ಲೀ. ಕಿಣ್ವ: 12 ನಿಮಿಷ (ಗುಣಲಬ್ಧ 12)
2 ಮಿ.ಲೀ. ಕಿಣ್ವ: 6 ನಿಮಿಷ (ಗುಣಲಬ್ಧ 12)
3 ಮಿ.ಲೀ. ಕಿಣ್ವ: 4 ನಿಮಿಷ (ಗುಣಲಬ್ಧ 12)
4 ಮಿ.ಲೀ. ಕಿಣ್ವ: 3 ನಿಮಿಷ (ಗುಣಲಬ್ಧ 12)

ಒಂದು ಎಚ್ಚರಿಕೆ ಅಗತ್ಯ. ನೀಲಿ ಮಾಯವಾಯಿತೆಂದರೆ ಪಿಷ್ಟವೆಲ್ಲ ಗ್ಲೂಕೋಸ್ ಆಯಿತೆಂದು ಅರ್ಥವಲ್ಲ. ಉದ್ದನೆಯ ಸರಪಳಿಗಳು ಚಿಕ್ಕ ತುಂಡುಗಳಾದವು ಎಂದಷ್ಟೇ ಅರ್ಥ. ಬಟ್ಟೆಯ ಗಂಜಿ ತೆಗೆಯುವವರಿಗೆ ಅಷ್ಟು ಸಾಕು. ಗ್ಲೂಕೋಸ್ ತಯಾರಕರು ಅಪಕರ್ಷಕ ಸಕ್ಕರೆಯನ್ನು ಅಳೆದು ‘ಡೆಕ್ಸ್‌ಟ್ರೋಸ್ ಸಮಾನಾಂಕ’ವನ್ನು ನೋಡಬೇಕು. ಅಳೆಯುವ ಬಗೆ ಬೇರೆಯಾದರೂ ಗುಣಾಕಾರದ ನಿಯಮ ಅದೇ.

ಗುಣಲಬ್ಧ ತಪ್ಪಿದಾಗ

ಈ ಪರೀಕ್ಷೆಯ ನಿಜವಾದ ಪ್ರಯೋಜನ ಇರುವುದು ನಿಯಮ ತಪ್ಪಿದಾಗ. ತಪ್ಪುವ ಬಗೆ ಮುಖ್ಯವಾಗಿ ಎರಡು.

ಮೊದಲನೆಯದು, ಕಡಿಮೆ ಪ್ರಮಾಣದ ನಳಿಕೆಯಲ್ಲಿ ಗುಣಲಬ್ಧ ಹೆಚ್ಚಾಗುವುದು. 4 ಮಿ.ಲೀ.ಗೆ 3 ನಿಮಿಷವೇ ಹಿಡಿದು, 1 ಮಿ.ಲೀ.ಗೆ 12ರ ಬದಲು 18 ನಿಮಿಷ ಹಿಡಿದರೆ, ದೀರ್ಘಕಾಲದ ಕ್ರಿಯೆಯ ನಡುವೆ ಕಿಣ್ವವು ಶಕ್ತಿ ಕಳೆದುಕೊಳ್ಳುತ್ತಿದೆ ಎಂದು ಶಂಕಿಸಬೇಕು. ಉಷ್ಣತೆ ಅತಿಯಾಗಿರಬಹುದು, ಪಿ.ಎಚ್. ಸರಿಯಿರಲಾರದು, ಅಥವಾ ಆಲ್ಫಾ ಅಮೈಲೇಸ್‌ನ ಸ್ಥಿರತೆಗೆ ಬೇಕಾದ ಕ್ಯಾಲ್ಸಿಯಂ ನೀರಿನಲ್ಲಿ ಕಡಿಮೆಯಿರಬಹುದು. ನೀರಿನಲ್ಲಿರುವ ತಾಮ್ರದಂತಹ ಲೋಹಾಂಶವು ಕಿಣ್ವದ ಒಂದು ಭಾಗವನ್ನು ಕಟ್ಟಿಹಾಕಿದರೂ ಇದೇ ಲಕ್ಷಣ ಕಾಣುತ್ತದೆ. ಬಟ್ಟಿ ಇಳಿಸಿದ ನೀರಿಗೆ ಅಲ್ಪ ಕ್ಯಾಲ್ಸಿಯಂ ಲವಣ ಸೇರಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ ಗುಣಲಬ್ಧ ಸರಿಹೋದರೆ, ದೋಷ ಘಟಕದ ನೀರಿನಲ್ಲಿದೆ ಎಂದು ತಿಳಿಯಬಹುದು. ಕಾಲಕ್ರಮದಲ್ಲಿ ಕಿಣ್ವವು ನಾಶವಾಗುತ್ತಿದೆಯೇ ಎಂಬುದನ್ನು ಇದೇ ಗುಣಾಕಾರದಿಂದ ಕಂಡುಹಿಡಿಯುವ ಕ್ರಮವನ್ನು 1965ರಲ್ಲಿ ಸೆಲ್ವಿನ್ ಎಂಬ ವಿಜ್ಞಾನಿ ವಿವರಿಸಿದ್ದು, ಅದು ಇಂದಿಗೂ ಬಳಕೆಯಲ್ಲಿದೆ.

ಎರಡನೆಯದು, ಹೆಚ್ಚು ಪ್ರಮಾಣದ ನಳಿಕೆಯಲ್ಲಿ ಗುಣಲಬ್ಧ ಹೆಚ್ಚಾಗುವುದು. ಅಂದರೆ ಕಿಣ್ವ ಹೆಚ್ಚಿಸಿದರೂ ಕಾಲ ಅಷ್ಟಾಗಿ ಇಳಿಯುವುದಿಲ್ಲ. ಒಂದೇ ಲಾರಿಗೆ ಐವತ್ತು ಹಮಾಲಿಗಳನ್ನು ಕರೆಸಿದರೆ ಹೆಚ್ಚಿನವರು ಸುಮ್ಮನೆ ನಿಲ್ಲಬೇಕಾಗುತ್ತದೆ. ಪಿಷ್ಟ ಸರಿಯಾಗಿ ಬೆಂದಿರದಿದ್ದರೆ ಕಣಗಳ ಮೇಲ್ಮೈ ಮಾತ್ರ ಕಿಣ್ವಕ್ಕೆ ಸಿಗುತ್ತದೆ, ಒಳಭಾಗ ಸಿಗುವುದಿಲ್ಲ. ಕಲಕುವಿಕೆ ಸಾಲದಿದ್ದರೂ ಹೀಗೆಯೇ ಆಗುತ್ತದೆ. ಇಂತಹ ಸಂದರ್ಭದಲ್ಲಿ ಕಿಣ್ವಕ್ಕೆ ಮತ್ತಷ್ಟು ಹಣ ಸುರಿಯುವುದು ವ್ಯರ್ಥ. ಗಮನ ಕೊಡಬೇಕಾದುದು ಬೇಯಿಸುವ ಮತ್ತು ಕಲಕುವ ಹಂತಗಳಿಗೆ. ನಳಿಕೆಯ ಪರೀಕ್ಷೆಯಲ್ಲಿ ಕಾಲ ಎರಡು ನಿಮಿಷಕ್ಕಿಂತ ಕಡಿಮೆ ಬಂದರೆ ಅರ್ಧ ನಿಮಿಷದ ಅಂತರವೇ ದೊಡ್ಡ ದೋಷವಾಗುವುದರಿಂದ, ಕಿಣ್ವವನ್ನು ಇನ್ನಷ್ಟು ತೆಳುಗೊಳಿಸಿ ಪರೀಕ್ಷಿಸಬೇಕು.

ವೆಚ್ಚದ ಲೆಕ್ಕ

ನಿಯಮವು ಸಂಪೂರ್ಣವಾಗಿ ಪಾಲನೆಯಾಗುತ್ತಿದ್ದರೂ ಕಿಣ್ವವನ್ನು ಹೆಚ್ಚಿಸುತ್ತಲೇ ಹೋಗುವುದು ಲಾಭಕರವಲ್ಲ. 48 ಗಂಟೆಯ ಕೆಲಸಕ್ಕೆ ಪ್ರಮಾಣ ಇಮ್ಮಡಿಗೊಳಿಸಿದರೆ 24 ಗಂಟೆ ಉಳಿಯುತ್ತದೆ. ಮತ್ತೆ ಇಮ್ಮಡಿಗೊಳಿಸಿದರೆ ಉಳಿಯುವುದು 12 ಗಂಟೆ ಮಾತ್ರ; ಇನ್ನೊಮ್ಮೆ ಇಮ್ಮಡಿಗೊಳಿಸಿದರೆ 6 ಗಂಟೆ. ಪ್ರತಿ ಸಲವೂ ಖರ್ಚು ಇಮ್ಮಡಿ, ಉಳಿತಾಯ ಅರ್ಧ.

ಒಂದು ಕಾಲ್ಪನಿಕ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಒಂದು ಬ್ಯಾಚಿಗೆ 2,000 ರೂ. ಬೆಲೆಯ ಕಿಣ್ವ ಹಾಕಿದರೆ 48 ಗಂಟೆ ಬೇಕು. ಟ್ಯಾಂಕ್ ಒಂದು ಗಂಟೆ ನಿಂತರೆ ಉಗಿ, ಕೂಲಿ, ಬಡ್ಡಿ ಸೇರಿ 200 ರೂ. ಖರ್ಚು ಎಂದಿಟ್ಟುಕೊಳ್ಳಬಹುದು. ಆಗ,

48 ಗಂಟೆಗೆ: ಕಿಣ್ವ 2,000 + ಕಾಲ 9,600 = 11,600 ರೂ.
24 ಗಂಟೆಗೆ: ಕಿಣ್ವ 4,000 + ಕಾಲ 4,800 = 8,800 ರೂ.
12 ಗಂಟೆಗೆ: ಕಿಣ್ವ 8,000 + ಕಾಲ 2,400 = 10,400 ರೂ.

ಕನಿಷ್ಠ ವೆಚ್ಚವು 22 ಗಂಟೆಯ ಆಸುಪಾಸಿನಲ್ಲಿ, ಸುಮಾರು 8,760 ರೂ.ಗೆ ಬರುತ್ತದೆ. ಆ ಹಂತದಲ್ಲಿ ಕಿಣ್ವಕ್ಕೆ ಕೊಟ್ಟ ಹಣ ಮತ್ತು ಕಾಲಕ್ಕೆ ತೆತ್ತ ಹಣ ಎರಡೂ ಸಮವಾಗಿರುತ್ತವೆ. ಗುಣಾಕಾರದ ನಿಯಮ ನಡೆಯುವ ಎಲ್ಲ ಘಟಕಗಳಿಗೂ ಇದು ಅನ್ವಯಿಸುತ್ತದೆ. ಲೆಕ್ಕಪುಸ್ತಕದಲ್ಲಿ ಈ ಎರಡು ಬಾಬುಗಳನ್ನು ಹೋಲಿಸಿದಾಗ ಕಾಲದ ವೆಚ್ಚ ಬಹಳ ಹೆಚ್ಚಿದ್ದರೆ ಕಿಣ್ವವನ್ನು ಏರಿಸಬಹುದು, ಕಿಣ್ವದ ವೆಚ್ಚ ಹೆಚ್ಚಿದ್ದರೆ ಇಳಿಸಬಹುದು.

ಆದರೆ ಉಳಿದ ಕಾಲಕ್ಕೆ ನಿಜವಾಗಿಯೂ ಬೆಲೆಯಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಬೇಡಿಕೆಯಿಲ್ಲದೆ ಟ್ಯಾಂಕ್ ಖಾಲಿ ನಿಲ್ಲುವ ತಿಂಗಳುಗಳಲ್ಲಿ ಬೇಗ ಮುಗಿಸಿ ಪ್ರಯೋಜನವಿಲ್ಲ. ಡಿಸ್ಟಿಲರಿಗಳಲ್ಲಿ ಸಕ್ಕರೆ ಬಿಡುಗಡೆ ಮತ್ತು ಹುದುಗುವಿಕೆ ಒಂದೇ ಟ್ಯಾಂಕಿನಲ್ಲಿ ಜೊತೆಜೊತೆಯಾಗಿ ನಡೆಯುವಾಗ ಅವಧಿಯನ್ನು ಬಹುತೇಕ ನಿರ್ಧರಿಸುವುದು ಯೀಸ್ಟ್. ಯೀಸ್ಟ್ ಬಳಸಿಕೊಳ್ಳುವ ವೇಗಕ್ಕೆ ಸಾಲುವಷ್ಟು ಸಕ್ಕರೆ ಒದಗಿದ ಮೇಲೆ ಹೆಚ್ಚಿನ ಕಿಣ್ವ ಲೆಕ್ಕಕ್ಕೆ ಬರುವುದಿಲ್ಲ.

ಅತಿಯಾದಲ್ಲಿ ಹಾನಿ

ಕೆಲವು ಉದ್ಯಮಗಳಲ್ಲಿ ಅಧಿಕ ಪ್ರಮಾಣವು ವ್ಯರ್ಥವಷ್ಟೇ ಅಲ್ಲ, ಹಾನಿಕರವೂ ಹೌದು. ಗ್ಲೂಕೋಸ್ ತಯಾರಿಕೆಯಲ್ಲಿ ದ್ರವೀಕರಿಸಿದ ಪಿಷ್ಟಕ್ಕೆ ಗ್ಲೂಕೋಅಮೈಲೇಸ್ ಸೇರಿಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, 4.2ರಿಂದ 4.5ರ ಪಿ.ಎಚ್.ನಲ್ಲಿ ಇಡುವುದು ವಾಡಿಕೆ. ಗ್ಲೂಕೋಸ್ ಅಂಶ ಶೇಕಡಾ 95ರ ಆಸುಪಾಸಿಗೆ ಏರಿದ ಬಳಿಕ ಅದೇ ಕಿಣ್ವವು ಗ್ಲೂಕೋಸ್ ಅಣುಗಳನ್ನು ಮರಳಿ ಜೋಡಿಸಿ ಐಸೋಮಾಲ್ಟೋಸ್‌ನಂತಹ ಬೇಡದ ಸಕ್ಕರೆಗಳನ್ನು ಉಂಟುಮಾಡತೊಡಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಗರಿಷ್ಠ ಮಟ್ಟ ಬೇಗ ಬರುತ್ತದೆ, ಇಳಿಕೆಯೂ ಬೇಗ ಆರಂಭವಾಗುತ್ತದೆ. ಹೆಚ್ಚು ಕಿಣ್ವ ಹಾಕಿ, ಹಳೆಯ ಅಭ್ಯಾಸದಂತೆ ಎರಡು ದಿನ ಬಿಡುವವರು ಹಣ ಕೊಟ್ಟು ಗುಣಮಟ್ಟ ಕಳೆದುಕೊಳ್ಳುತ್ತಾರೆ. ಗರಿಷ್ಠ ಮಟ್ಟ ತಲುಪಿದೊಡನೆ ಬಿಸಿ ಮಾಡಿ ಕಿಣ್ವವನ್ನು ನಿಷ್ಕ್ರಿಯಗೊಳಿಸಬೇಕು.

ಬೇಕರಿಯಲ್ಲಿ ಅಮೈಲೇಸ್ ಮಿತವಾಗಿದ್ದರೆ ಹಿಟ್ಟು ಚೆನ್ನಾಗಿ ಉಬ್ಬಿ ಬ್ರೆಡ್ಡಿನ ಹೊರಪದರಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಅತಿಯಾದರೆ ಬ್ರೆಡ್ಡಿನ ಒಳಭಾಗ ಅಂಟಂಟಾಗಿ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಮೊಳಕೆ ಹಿಡಿದ ಗೋಧಿಯ ಹಿಟ್ಟಿನಲ್ಲಿ ಕಿಣ್ವ ತಾನಾಗಿಯೇ ಹೆಚ್ಚಿರುತ್ತದೆ. ಇದನ್ನು ‘ಫಾಲಿಂಗ್ ನಂಬರ್’ ಪರೀಕ್ಷೆಯಿಂದ ಸೆಕೆಂಡುಗಳಲ್ಲಿ ಅಳೆಯುತ್ತಾರೆ. ಬ್ರೆಡ್ಡಿಗೆ 250ರ ಆಸುಪಾಸು ಯೋಗ್ಯ, ಅದಕ್ಕಿಂತ ಬಹಳ ಕಡಿಮೆಯಾದರೆ ಅಮೈಲೇಸ್ ಅಧಿಕವೆಂದು ಅರ್ಥ. ಮಳೆಗೆ ಸಿಕ್ಕ ಗೋಧಿಯ ಹಿಟ್ಟಿಗೆ ಎಂದಿನ ಪ್ರಮಾಣದಲ್ಲಿ ಕಿಣ್ವ ಬೆರೆಸುವುದು ತಪ್ಪಾಗುತ್ತದೆ.

ಬಟ್ಟೆಯ ವಿಷಯದಲ್ಲಿ ಪರಿಸ್ಥಿತಿ ಭಿನ್ನ. ಹತ್ತಿಯ ಹಾಸು ನೂಲಿಗೆ ಹಾಕಿದ ಗಂಜಿಯನ್ನು ಆಮ್ಲದಿಂದ ತೆಗೆದರೆ ನೂಲೇ ದುರ್ಬಲವಾಗುವ ಭಯವುಂಟು. ಅಮೈಲೇಸ್ ಪಿಷ್ಟವನ್ನು ಮಾತ್ರ ಕಡಿಯುತ್ತದೆ, ಹತ್ತಿಯ ಸೆಲ್ಯುಲೋಸ್ ಅನ್ನು ಮುಟ್ಟುವುದಿಲ್ಲ. ಇಲ್ಲಿ ಅಪಾಯವಿರುವುದು ಕೊರತೆಯಿಂದ. ಅರೆಬರೆ ಗಂಜಿ ಉಳಿದ ಬಟ್ಟೆಗೆ ಬಣ್ಣ ಸಮನಾಗಿ ಹಿಡಿಯದೆ ಇಡೀ ಥಾನು ತಿರಸ್ಕೃತವಾಗಬಹುದು. ಬಟ್ಟೆಯ ಮೇಲೆ ಅಯೋಡಿನ್ ಹನಿಸಿ ಬರುವ ಬಣ್ಣವನ್ನು 1ರಿಂದ 9ರವರೆಗಿನ ‘ಟೆಗೆವಾ’ ಮಾಪಕದೊಂದಿಗೆ ಹೋಲಿಸುವುದು ಈ ಉದ್ಯಮದಲ್ಲಿ ಪ್ರಚಲಿತ. 9 ಎಂದರೆ ಗಂಜಿ ಪೂರ್ಣವಾಗಿ ಹೋಗಿದೆ ಎಂದರ್ಥ. ರಾತ್ರಿಯಿಡೀ ಸುತ್ತಿಡಲು ಸ್ಥಳವಿರುವ ಘಟಕಕ್ಕೆ ಕಡಿಮೆ ಕಿಣ್ವ ಸಾಕು. ಕೆಲವೇ ಗಂಟೆಗಳಲ್ಲಿ ಸರಕು ಕಳುಹಿಸಬೇಕಾದವರಿಗೆ ಹೆಚ್ಚು ಬೇಕು.

ಖರೀದಿಯಲ್ಲಿ ಗಮನಿಸಬೇಕಾದುದು

ಮೇಲಿನ ಲೆಕ್ಕದಲ್ಲಿ ‘ಕಿಣ್ವದ ಪ್ರಮಾಣ’ ಎಂದರೆ ಕಿಲೋ ಅಥವಾ ಲೀಟರ್ ಅಲ್ಲ, ಕ್ರಿಯಾಶಕ್ತಿ. ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ, ನಿರ್ದಿಷ್ಟ ಪರಿಸ್ಥಿತಿಯಲ್ಲಿ ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್‌ನಷ್ಟು ವಸ್ತುವನ್ನು ಪರಿವರ್ತಿಸುವ ಕಿಣ್ವವೇ ಒಂದು ಯೂನಿಟ್. ಆದರೆ ಮಾರುಕಟ್ಟೆಯಲ್ಲಿ ತಯಾರಕರು ತಮ್ಮ ತಮ್ಮದೇ ಯೂನಿಟ್‌ಗಳನ್ನು, ತಮ್ಮದೇ ಉಷ್ಣತೆ ಮತ್ತು ಪಿ.ಎಚ್.ನಲ್ಲಿ ಅಳೆದು ನಮೂದಿಸುವುದು ಸಾಮಾನ್ಯ. ಆದುದರಿಂದ ಎರಡು ಕಂಪನಿಗಳ ಡಬ್ಬಗಳ ಮೇಲಿನ ಅಂಕಿಗಳನ್ನು ನೇರವಾಗಿ ಹೋಲಿಸಬಾರದು. ಎರಡರ ಮಾದರಿಯನ್ನೂ ತಮ್ಮ ಪಿಷ್ಟ, ತಮ್ಮ ನೀರು ಮತ್ತು ತಮ್ಮ ಉಷ್ಣತೆಯಲ್ಲಿ ಮೇಲೆ ಹೇಳಿದಂತೆ ಪರೀಕ್ಷಿಸಿ, ಒಂದೇ ಕಾಲದಲ್ಲಿ ಕೆಲಸ ಮುಗಿಸಲು ಪ್ರತಿಯೊಂದೂ ಎಷ್ಟು ರೂಪಾಯಿಯದು ಬೇಕು ಎಂದು ನೋಡಬೇಕು. ಕಿಲೋ ಬೆಲೆಯಲ್ಲಿ ದುಬಾರಿಯಾದುದು ಕೆಲಸದ ಬೆಲೆಯಲ್ಲಿ ಅಗ್ಗವಾಗುವುದು ಅಪರೂಪವಲ್ಲ.

ದ್ರವರೂಪದ ಕಿಣ್ವವು ಬಿಸಿಲಿಗೆ ಕಾದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಉಳಿದರೆ ಡಬ್ಬ ತುಂಬಿದ್ದರೂ ಶಕ್ತಿ ಕುಂದಿರುತ್ತದೆ. ತಂಪಾದ ಸ್ಥಳದಲ್ಲಿಟ್ಟು, ಹಳೆಯ ದಾಸ್ತಾನನ್ನು ಬಳಸುವ ಮುನ್ನ ಮರುಪರೀಕ್ಷೆ ಮಾಡುವುದು ಒಳಿತು. ಪುಡಿರೂಪದ ಕಿಣ್ವದ ದೂಳು ಉಸಿರಿನೊಂದಿಗೆ ಒಳಹೋದರೆ ಅಲರ್ಜಿ ಮತ್ತು ಆಸ್ತಮಾ ಉಂಟಾಗಬಹುದಾದುದರಿಂದ ಕಾರ್ಮಿಕರಿಗೆ ಮುಖಗವಸು ಒದಗಿಸುವುದು ಮಾಲೀಕರ ಹೊಣೆ.

ಒಟ್ಟಿನಲ್ಲಿ, ಪ್ರತಿ ಹೊಸ ದಾಸ್ತಾನು ಬಂದಾಗ ನಾಲ್ಕು ಪ್ರಮಾಣಗಳಲ್ಲಿ ಪರೀಕ್ಷೆ ಮಾಡಿ ಗುಣಲಬ್ಧವನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವನ್ನು ಸಣ್ಣ ಘಟಕಗಳೂ ರೂಢಿಸಿಕೊಳ್ಳಬಹುದು. ಇದಕ್ಕೆ ತಗಲುವುದು ಒಂದು ಗಂಟೆಯ ಕಾಲ ಮತ್ತು ಕೆಲವು ರೂಪಾಯಿಗಳ ಅಯೋಡಿನ್. ಮುಂದೊಂದು ದಿನ ಬ್ಯಾಚು ನಿಧಾನವಾದಾಗ, ತೊಂದರೆ ಕಿಣ್ವದಲ್ಲಿದೆಯೋ ನೀರಿನಲ್ಲಿದೆಯೋ ಬೇಯಿಸುವ ಕ್ರಮದಲ್ಲಿದೆಯೋ ಎಂಬುದನ್ನು ಆ ಪುಸ್ತಕವನ್ನು ತೆರೆದು ನೋಡಿಯೇ ನಿರ್ಧರಿಸಬಹುದು.